ಕಣ್ಣಿಗೆ ಕೆ, ಬಾಯಿಗೆ ಎನ್

ಮಗೂ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಈಗ ಪಿಯುಸಿಗೆ ಬಂದಿದ್ದೀಯ. ಪುಸ್ತಕವೆಲ್ಲ ಇಂಗ್ಲಿಷು. ನ್ಯೂಟನ್ನನ ನಿಯಮ ನಿನ್ನನ್ನು ಹೆದರಿಸುವುದಿಲ್ಲ, ಅದನ್ನು ಕನ್ನಡದಲ್ಲೇ ಅರಗಿಸಿಕೊಂಡು ಬಂದವಳು ನೀನು. ನಿನ್ನಂಥವರು ಎಡವುವುದು ಚಿಕ್ಕಪುಟ್ಟ ಪದಗಳಲ್ಲಿ. ಕೆ, ಎನ್, ಐ, ಎಫ್, ಇ ಎಂದು ಬರೆದಿರುತ್ತದೆ. ಬರೆದದ್ದನ್ನು ಬರೆದಂತೆ ಓದಿ ರೂಢಿಯಾದ ನಾಲಿಗೆ ‘ನೈಫ್’ ಎನ್ನುವ ಬದಲು ‘ಕ್ನೈಫ್’ ಎಂದುಬಿಡುತ್ತದೆ. ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಾರೆ. ಅಷ್ಟಕ್ಕೇ ಎಷ್ಟೋ ಮಕ್ಕಳು ವರ್ಷವಿಡೀ ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ.

ಅದಕ್ಕೇ ಈ ಮಾತು. ‘ಕ್ನೈಫ್’ ಎಂದವರು ಪೆದ್ದರಲ್ಲ, ಮುನ್ನೂರು ವರ್ಷ ತಡವಾಗಿ ಬಂದವರು, ಅಷ್ಟೇ. ಇಂಗ್ಲೆಂಡಿನವರೇ ಒಂದು ಕಾಲಕ್ಕೆ ಆ ಕೆಯನ್ನು ಬಾಯಿತುಂಬ ಹೇಳುತ್ತಿದ್ದರು. 1400ರಲ್ಲಿ ತೀರಿಕೊಂಡ ಕವಿ ಚಾಸರ್‌ನ ಕಾಲದಲ್ಲಿ ನಾವು ಇಂದು ‘ನೈಟ್’ ಎನ್ನುವ ಕುದುರೆ ಸವಾರ ಹೆಚ್ಚುಕಡಿಮೆ ‘ಕ್ನಿಖ್ತ್’ ಆಗಿದ್ದ. ಬರೆದ ಒಂದೊಂದು ಅಕ್ಷರಕ್ಕೂ ಬಾಯಲ್ಲಿ ಕೆಲಸವಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ಹೂಡಿದಾಗ ಜನ ಆಡುತ್ತಿದ್ದ ಕೆಯೇ ಅಚ್ಚಿನ ಮೊಳೆಯಾಗಿ ಕೂತಿತು. ಮುಂದೆ 17ನೆಯ ಶತಮಾನ ಮುಗಿಯುವ ಹೊತ್ತಿಗೆ ಎನ್ ಮುಂದಿನ ಆ ಕೆ ನಾಲಿಗೆಯಿಂದ ಜಾರಿಹೋಯಿತು. ಅಚ್ಚಿನಿಂದ ಮಾತ್ರ ಜಾರಲಿಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ನಿಘಂಟನ್ನು ಹೊರತಂದಾಗಲೂ ಕೆ ತನ್ನ ಜಾಗದಲ್ಲೇ ಇತ್ತು. ಮನೆಯ ಹಿರಿಯರು ಹೋಗಿ ವರ್ಷಗಳಾದರೂ ರೇಷನ್ ಕಾರ್ಡಿನಲ್ಲಿ ಅವರ ಹೆಸರು ಉಳಿದಿರುತ್ತದಲ್ಲ, ಹಾಗೆ. ಕಾಗುಣಿತ ಸರಿಪಡಿಸಲು ಹೊರಟ ಅಮೆರಿಕದ ನೋವಾ ವೆಬ್‌ಸ್ಟರ್ 1828ರ ನಿಘಂಟಿನಲ್ಲಿ ‘ಮ್ಯೂಸಿಕ್’ ಪದದ ಕೊನೆಯಲ್ಲಿದ್ದ ಕೆಯನ್ನು ಕಿತ್ತುಹಾಕಿದ, ‘ಕಲರ್’ ಪದದ ಯು ತೆಗೆದ. ‘ನೈಫ್’ ಪದದ ಕೆಯನ್ನು ಅವನೂ ಮುಟ್ಟಲಿಲ್ಲ.

ಇಂಗ್ಲಿಷಿನವರಿಗೆ ತಲೆ ಕೆಟ್ಟಿದೆ ಎಂದು ನೀನು ನಗುವ ಮುಂಚೆ ನಮ್ಮ ಮನೆಯನ್ನೂ ಒಮ್ಮೆ ನೋಡು. ನಾಲಿಗೆ ಬದಲಾದಾಗ ಬರಹವನ್ನೂ ಬದಲಿಸಿಕೊಂಡವರು ನಾವು. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆಯಿತು, ಹಾಗೆಯೇ ಬರೆದೆವು. ಱ ಮತ್ತು ೞ ಎಂಬ ಎರಡು ಅಕ್ಷರಗಳ ಉಚ್ಚಾರ ಬಾಯಿಂದ ಹೋದ ಮೇಲೆ ಅಕ್ಷರಗಳನ್ನೂ ಬಿಟ್ಟೆವು. ಹಾಗಿದ್ದರೂ ‘ಜ್ಞಾನ’ ಎಂದು ಬರೆದು ಏನೆಂದು ಓದುತ್ತೀಯ? ಜಕಾರಕ್ಕೆ ಞಕಾರ ಸೇರಿದೆ, ಆದರೆ ನಮ್ಮಲ್ಲಿ ಬಹುಪಾಲು ಜನರ ಬಾಯಲ್ಲಿ ಬರುವುದು ‘ಗ್ನಾನ’ ಅಥವಾ ‘ಗ್ಯಾನ’. ‘ಮಧ್ಯಾಹ್ನ’ ಎಂದು ಬರೆದು ‘ಮಧ್ಯಾನ್ನ’ ಎನ್ನುತ್ತೇವೆ. ಬರೆಯುವುದೊಂದು ಓದುವುದೊಂದು ನಮ್ಮಲ್ಲೂ ಉಂಟು, ಚಿಕ್ಕಂದಿನಿಂದ ರೂಢಿಯಾದ್ದರಿಂದ ಗೊತ್ತಾಗುವುದಿಲ್ಲ.

‘ಜ್ಞಾನ’ವನ್ನೇ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಕೆ, ಎನ್, ಓ, ಡಬ್ಲ್ಯು ಎಂದು ಬರೆದು ‘ನೋ’ ಎಂದು ಓದುವ, ತಿಳಿ ಎಂಬ ಅರ್ಥದ ಪದವೂ ನಮ್ಮ ‘ಜ್ಞಾ’ ಧಾತುವೂ ಒಂದೇ ಬೇರಿನವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಒಡೆದು ಬಂದಿರಬೇಕೆಂದು 1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಹೇಳಿದ. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರ ಹೆಸರು ಕೇಳಿದ್ದೀಯಲ್ಲ, ಅವರಲ್ಲಿ ಹಿರಿಯ ಯಾಕೋಬ್ ಗ್ರಿಮ್ 1822ರಲ್ಲಿ ಈ ಭಾಷೆಗಳಿಗೂ ಇಂಗ್ಲಿಷ್ ಸೇರಿದ ಬಳಗಕ್ಕೂ ನಡುವೆ ಯಾವ ಸದ್ದು ಯಾವುದಕ್ಕೆ ಹೊಂದುತ್ತದೆ ಎಂಬ ಲೆಕ್ಕವನ್ನು ಬಿಡಿಸಿಟ್ಟ. ಆ ಲೆಕ್ಕದಲ್ಲಿ ಸಂಸ್ಕೃತದ ಜ ಅಥವಾ ಗ ಇದ್ದ ಕಡೆ ಇಂಗ್ಲಿಷಿನಲ್ಲಿ ಎಷ್ಟೋ ಸಲ ಕ ಬರುತ್ತದೆ. ಸಂಸ್ಕೃತದ ಗೋ ಇಂಗ್ಲಿಷಿನ ಕೌ. ಜನ ಎಂಬುದರ ನೆಂಟ ಕಿನ್, ಎಂದರೆ ಬಂಧುಬಳಗ. ಜಾನು ಎಂದರೆ ಮೊಣಕಾಲು. ಅದರ ನೆಂಟ ಕೆ, ಎನ್, ಇ, ಇ. ಮೊಣಕಾಲು ಮುಟ್ಟುವಷ್ಟು ನೀಳ ತೋಳಿನವನನ್ನು ಆಜಾನುಬಾಹು ಎನ್ನುತ್ತೇವಲ್ಲ, ಅದರೊಳಗಿರುವ ಜಾನುವೇ ಇಂಗ್ಲಿಷಿನ ‘ನೀ’. ಕನ್ನಡ ದ್ರಾವಿಡ ಭಾಷೆ, ನಿಜ. ಆದರೆ ಸಂಸ್ಕೃತದಿಂದ ಬಂದು ನಮ್ಮ ಮನೆಯವೇ ಆಗಿಹೋದ ಈ ಪದಗಳ ದೆಸೆಯಿಂದ ನಿನಗೆ ಇಂಗ್ಲಿಷಿನ ಕೆಲವು ಪದಗಳು ದೂರದ ಬಳಗವಾಗುತ್ತವೆ. ‘ಜಾಣೆ’ ಎಂದು ನಿನ್ನನ್ನು ಕರೆದರೆ ಅದೂ ಅದೇ ‘ಜ್ಞಾ’ದಿಂದ ಪ್ರಾಕೃತದ ದಾರಿ ಹಿಡಿದು ಬಂದದ್ದು.

ಈ ಬೇರು ಹಿಡಿದರೆ ದೊಡ್ಡ ಪದಗಳೂ ಬಗ್ಗುತ್ತವೆ. ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಈ ಬೇರು ಗಕಾರದಿಂದ ಶುರುವಾಗುತ್ತದೆ. ಅಲ್ಲಿಂದ ಬಂದ ಪದಗಳ ನಡುವೆ ಆ ಗ ಇವತ್ತಿಗೂ ಬಾಯಲ್ಲಿ ಉಳಿದಿದೆ. ಆಸ್ಪತ್ರೆಯಲ್ಲಿ ಕೇಳುವ ಡಯಾಗ್ನೋಸಿಸ್ ಎಂದರೆ ರೋಗವನ್ನು ಬಿಡಿಸಿ ತಿಳಿಯುವುದು. ಇಗ್ನೊರೆಂಟ್ ಎಂದರೆ ಅಜ್ಞ. ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು ಅಗ್ನಾಸ್ಟಿಕ್. ಕನ್ನಡದಲ್ಲಿ ಅವನು ಅಜ್ಞೇಯವಾದಿ. ಎರಡನ್ನೂ ಪಕ್ಕಪಕ್ಕ ಬರೆದು ನೋಡು. ಎರಡರ ಮೊದಲಲ್ಲೂ ‘ಇಲ್ಲ’ ಎನ್ನುವ ಅಕಾರ, ಅದರ ಹಿಂದೆಯೇ ತಿಳಿವಿನ ಅದೇ ಬೇರು.

ಇನ್ನು ಅರ್ಥಗಳ ಕಡೆ ಬಾ. ಕೆ ಮತ್ತು ಎನ್‌ನಿಂದ ಶುರುವಾಗುವ ಪದಗಳಲ್ಲಿ ನನಗೆ ಅಚ್ಚುಮೆಚ್ಚಿನ ಜೋಡಿ ‘ನೈಟ್’ ಮತ್ತು ‘ನೇವ್’. ಹಳೆಯ ಇಂಗ್ಲಿಷಿನಲ್ಲಿ ಎರಡಕ್ಕೂ ಅರ್ಥ ಒಂದೇ: ಹುಡುಗ. ಹುಡುಗ ಎಂಬುದು ಎರಡರಲ್ಲೂ ಮನೆಯಾಳು ಎಂದಾಯಿತು. ಅಲ್ಲಿಂದ ದಾರಿ ಕವಲೊಡೆಯಿತು. ಒಬ್ಬ ರಾಜನ ಆಳಾಗಿ, ಕುದುರೆ ಹತ್ತಿ, ‘ಸರ್’ ಎಂಬ ಬಿರುದಿನವನಾದ. ಇನ್ನೊಬ್ಬ ಆಳಾಗಿಯೇ ಉಳಿದು, ಕೊನೆಗೆ ಠಕ್ಕ ಎಂಬ ಹೆಸರು ಹೊತ್ತ. ಜರ್ಮನ್ನರು ಹುಡುಗನಿಗೆ ‘ಕ್ನಾಬೆ’ ಎಂದು, ಹೊಲದಾಳಿಗೆ ‘ಕ್ನೆಖ್ಟ್’ ಎಂದು ಕೆಯನ್ನು ಸ್ಪಷ್ಟವಾಗಿ ಇಂದಿಗೂ ನುಡಿಯುತ್ತಾರೆ.

ಈ ಇಬ್ಬರು ಹುಡುಗರೂ ಆಟಗಳಲ್ಲಿ ನಿನಗೆ ಸಿಗುತ್ತಾರೆ. ಚದುರಂಗದ ಪಂದ್ಯಕ್ಕೆ ಹೋದವರು ನಡೆಗಳನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು. ನಾವು ಕುದುರೆ ಎನ್ನುವ ಕಾಯಿ ಅಲ್ಲಿ ‘ನೈಟ್’. ಅದರ ಗುರುತು ಕೆ ಆಗಬೇಕಿತ್ತು, ಆದರೆ ಕೆ ಆಗಲೇ ರಾಜನ ಪಾಲಾಗಿದೆ, ಕಿಂಗ್‌ಗೂ ಮೊದಲ ಅಕ್ಷರ ಅದೇ ತಾನೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಕುದುರೆಗೆ ಕೆ ಮತ್ತು ಟಿ ಸೇರಿಸಿ ಬರೆಯುತ್ತಿದ್ದರು. ಈಗ ಎನ್ ಎಂದಷ್ಟೇ ಬರೆಯುತ್ತಾರೆ, ಎಂದರೆ ಬಾಯಲ್ಲಿ ಮೊದಲು ಬರುವ ಅಕ್ಷರವನ್ನೇ. ಇಸ್ಪೀಟಿನಲ್ಲೂ ಇದೇ ಜಗಳ. ನಾವು ಗುಲಾಮ ಎನ್ನುವ ಎಲೆಗೆ ಇಂಗ್ಲಿಷರು ಮೊದಲು ‘ನೇವ್’ ಎನ್ನುತ್ತಿದ್ದರು, ಆಳು ಎಂಬ ಹಳೆಯ ಅರ್ಥದಲ್ಲಿ. ಎಲೆಯ ಮೂಲೆಯಲ್ಲಿ ಗುರುತಿನ ಅಕ್ಷರ ಅಚ್ಚು ಹಾಕುವ ರೂಢಿ 19ನೆಯ ಶತಮಾನದಲ್ಲಿ ಬಂದಾಗ ಗುಲಾಮನ ಕೆ-ಎನ್, ರಾಜನ ಕೆ ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದವು. ಕೊನೆಗೆ ಗುಲಾಮನಿಗೆ ‘ಜ್ಯಾಕ್’ ಎಂಬ ಇನ್ನೊಂದು ಹೆಸರೇ ಗಟ್ಟಿಯಾಯಿತು. ಕುದುರೆಯೂ ಗುಲಾಮನೂ ರಾಜನಿಗೆ ಕೆಯನ್ನು ಬಿಟ್ಟುಕೊಟ್ಟ ಕಥೆ ಗೊತ್ತಾದ ಮೇಲೆ ಆ ಎರಡು ಪದಗಳ ಮುಂದಿನ ಕೆಯನ್ನು ಯಾರಾದರೂ ಮರೆಯುತ್ತಾರೆಯೇ?

ಎರಡನೆಯ ಜೋಡಿ ‘ನಾಟ್’ ಮತ್ತು ‘ನಿಟ್’. ಮೊದಲನೆಯದು ಗಂಟು, ಎರಡನೆಯದು ಗಂಟು ಹಾಕಿ ಹೆಣೆಯುವ ಕೆಲಸ. ಎರಡೂ ಒಂದೇ ಮನೆಯವು. ಸ್ವೆಟರ್ ಹೆಣೆಯುವುದು ನಿಟ್. ಮುರಿದ ಮೂಳೆ ಕೂಡಿಕೊಳ್ಳುವುದಕ್ಕೂ ನಿಟ್ ಎನ್ನುತ್ತಾರೆ. ಸಿಟ್ಟು ಬಂದಾಗ ನಾವು ಹುಬ್ಬು ಗಂಟಿಕ್ಕುತ್ತೇವೆ. ಇಂಗ್ಲಿಷಿನವರೂ ಹುಬ್ಬನ್ನು ನಿಟ್ ಮಾಡುತ್ತಾರೆ. ಇಲ್ಲಿ ನೆಂಟಸ್ತಿಕೆ ಏನೂ ಇಲ್ಲ, ಮನುಷ್ಯರ ಮುಖ ಎಲ್ಲ ಕಡೆ ಒಂದೇ ಎನ್ನುವುದಷ್ಟೇ.

ಗಂಟು ಎಂಬ ಈ ನಾಟ್ ಸಮುದ್ರದಲ್ಲಿ ವೇಗದ ಅಳತೆಯೂ ಹೌದು. ಹಿಂದೆ ಹಡಗಿನ ಹಿಂಬದಿಯಿಂದ ಮರದ ಹಲಗೆಯೊಂದನ್ನು ನೀರಿಗೆ ಬಿಡುತ್ತಿದ್ದರು. ಅದಕ್ಕೆ ಕಟ್ಟಿದ ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದರಂತೆ ಗಂಟು. 28 ಸೆಕೆಂಡಿನ ಮರಳುಗಡಿಯಾರ ತಿರುಗಿಸಿಟ್ಟು, ಮರಳು ಮುಗಿಯುವಷ್ಟರಲ್ಲಿ ನಾವಿಕನ ಕೈಯಿಂದ ಎಷ್ಟು ಗಂಟು ಜಾರಿದವೋ ಹಡಗಿನ ವೇಗ ಅಷ್ಟು ನಾಟ್. ಇಂದಿನ ಲೆಕ್ಕದಲ್ಲಿ ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದಾಗ ಕಾರವಾರದಿಂದ ಮಂಗಳೂರಿನವರೆಗೆ ಮೀನುಗಾರರು ಕಿವಿಗೊಡುವ ಹವಾಮಾನ ಇಲಾಖೆಯ ಎಚ್ಚರಿಕೆಯಲ್ಲಿ ಗಾಳಿಯ ವೇಗಕ್ಕೆ ಈ ಮಾಪನವೂ ಇರುತ್ತದೆ. 34 ನಾಟ್ ಮುಟ್ಟಿದರೆ ಅದಕ್ಕೆ ಚಂಡಮಾರುತ ಎಂಬ ಹೆಸರು. ನೆನಪಿಡು, ನಾಟ್ ಎಂಬುದರೊಳಗೇ ಗಂಟೆಯ ಲೆಕ್ಕ ಅಡಗಿದೆ. ‘ಗಂಟೆಗೆ ಇಷ್ಟು ನಾಟ್’ ಎಂದು ಭೌತಶಾಸ್ತ್ರದ ಉತ್ತರದಲ್ಲಿ ಬರೆದುಬಿಡಬೇಡ.

ಮಿಕ್ಕವು ಮನೆಯೊಳಗೇ ಇವೆ. ಚಪಾತಿ ಹಿಟ್ಟು ನಾದುವುದು ‘ನೀಡ್’. ನಾದು, ನೀಡ್ ಎರಡೂ ನಕಾರದಿಂದ ಶುರುವಾಗುವುದು ಕಾಕತಾಳೀಯ, ಆದರೆ ನೆನಪಿಗೆ ಅನುಕೂಲ. ಗ್ಯಾಸ್ ಒಲೆಯ ತಿರುಗಣೆಗೆ ನಿಮ್ಮಮ್ಮ ‘ನಾಬ್’ ಎನ್ನುತ್ತಾಳೆ; ಬರೆಯುವಾಗ ಅದಕ್ಕೂ ಮುಂದೆ ಕೆ. ಚಾಕು ಎಂಬ ‘ನೈಫ್’ ಸಮುದ್ರ ದಾಟಿ ಬಂದ ವೈಕಿಂಗರು ಇಂಗ್ಲೆಂಡಿಗೆ ಬಿಟ್ಟುಹೋದ ಪದ. ಒಂದಕ್ಕಿಂತ ಹೆಚ್ಚಾದರೆ ಎಫ್ ಹೋಗಿ ವಿ ಬರುತ್ತದೆ, ‘ನೈವ್ಸ್’. ಬಾಗಿಲು ತಟ್ಟುವುದು ‘ನಾಕ್’. ಪತ್ರಿಕೆಯ ಆಟದ ಪುಟದಲ್ಲಿ ದಿನಾ ಕಾಣುವ ನಾಕೌಟ್ ಹುಟ್ಟಿದ್ದು ಅದರಿಂದಲೇ. ಕ್ರಿಕೆಟ್ಟಿನಲ್ಲಿ ಒಬ್ಬ ಚೆನ್ನಾಗಿ ಬ್ಯಾಟು ಬೀಸಿ ಬಂದರೆ ಆ ಇನಿಂಗ್ಸಿಗೂ ನಾಕ್ ಎನ್ನುತ್ತಾರೆ. ಬೆರಳಿನ ಗೆಣ್ಣು ‘ನಕಲ್’. ಮಂಡಿಯೂರುವುದು ‘ನೀಲ್’, ಮಂಡಿಯೂರಿದ್ದಾಯಿತು ಎನ್ನಲು ‘ನೆಲ್ಟ್’. ಸಣ್ಣ ದಿಬ್ಬ ‘ನೋಲ್’. ಸಾವಿನ ಸುದ್ದಿಗೆ ಚರ್ಚಿನಲ್ಲಿ ಬಾರಿಸುವ ಗಂಟೆ ‘ನೆಲ್’. ‘ನ್ಯಾಕ್’ ಎಂಬುದಕ್ಕೆ ಕೈಚಳಕ ಎನ್ನಬಹುದು, ಹದ ಬಲ್ಲ ಕೈ ಎನ್ನಬಹುದು: ದೋಸೆಯನ್ನು ಹರಿಯದಂತೆ ಎಬ್ಬಿಸುವವಳಿಗೆ ಅದರ ನ್ಯಾಕ್ ಗೊತ್ತು.

ಓದದ ಅಕ್ಷರ ಯಾಕೆ ಬೇಕು ಎಂದು ನೀನು ಕೇಳಿಯೇ ಕೇಳುತ್ತೀಯ. ಅದು ಬಾಯಿಗೆ ಕೆಲಸ ಕೊಡುವುದಿಲ್ಲ, ಕಣ್ಣಿಗೆ ಕೊಡುತ್ತದೆ. ಕೆಯನ್ನು ತೆಗೆದುಬಿಡು, ತಿಳಿದಿದೆ ಎನ್ನುವ ‘ನೋ’ ಇಲ್ಲ ಎನ್ನುವ ‘ನೋ’ ಆಗುತ್ತದೆ. ಕುದುರೆ ಸವಾರ ರಾತ್ರಿಯಾಗುತ್ತಾನೆ. ಹಿಟ್ಟು ನಾದುವುದು ಬೇಕು ಎಂದಾಗುತ್ತದೆ, ತಿಳಿದಿತ್ತು ಎನ್ನುವ ‘ನ್ಯೂ’ ಹೊಸತಾಗುತ್ತದೆ. ಆಡುವಾಗ ಮಾತಿನ ಸಂದರ್ಭವೇ ಕೈ ಹಿಡಿಯುತ್ತದೆ, ಓದುವಾಗ ಕೈ ಹಿಡಿಯುವುದು ಆ ಕೆ. ಮೊಬೈಲಿನಲ್ಲಿ ಅವಸರಕ್ಕೆ ಕೆ ಬಿಟ್ಟು ‘ಐ ನೋ’ ಎಂದು ಹೊಡೆದು ಕಳಿಸುವ ಅಭ್ಯಾಸ ಬೇಡ. ‘ಇಲ್ಲ’ ಎನ್ನುವ ಪದವೂ ಸರಿಯಾದ ಪದವೇ ಆದ್ದರಿಂದ ಕಾಗುಣಿತ ತಿದ್ದುವ ಯಂತ್ರ ಎಷ್ಟೋ ಸಲ ಅದನ್ನು ಹಾಗೇ ಬಿಟ್ಟುಬಿಡುತ್ತದೆ. ಓದಿದವರು ನಿನ್ನ ‘ಗೊತ್ತು’ ಎಂಬುದನ್ನು ‘ಇಲ್ಲ’ ಎಂದು ತಿಳಿದಾರು.

ಸುಮ್ಮನಿರುವ ಈ ಕೆ ಬಾಯಿ ಬಿಡುವ ಜಾಗವೂ ಒಂದಿದೆ, ಸಂಕ್ಷೇಪಾಕ್ಷರಗಳಲ್ಲಿ. ನಿಮ್ಮ ಊರಿನ ಬ್ಯಾಂಕಿನಲ್ಲಿ ‘ಕೆವೈಸಿ ಕೊಟ್ಟಿದ್ದೀರಾ’ ಎಂದು ಕೇಳುತ್ತಾರಲ್ಲ, ಗ್ರಾಹಕ ಯಾರೆಂದು ಬ್ಯಾಂಕು ತಿಳಿದುಕೊಳ್ಳಲಿ ಎಂದು ರಿಸರ್ವ್ ಬ್ಯಾಂಕು 2002ರಲ್ಲಿ ಮಾರ್ಗಸೂಚಿ ಹೊರಡಿಸಿದ ಆ ಕೆವೈಸಿಯ ಮೊದಲಕ್ಷರ ‘ನೋ’ ಪದದ್ದು. ಪೂರ್ತಿ ಪದ ಓದುವಾಗ ಬಾರದ ಸದ್ದು ಮೂರಕ್ಷರಕ್ಕೆ ಇಳಿಸಿದಾಗ ಎಲ್ಲರಿಗಿಂತ ಮುಂದೆ ಬರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಬಂದ ಕೆ.ಸಿ.ಐ.ಇ. ಬಿರುದಿನ ಕೆ ಕೂಡ ‘ನೈಟ್’ ಪದದ ಕೆ. ಅವರ ಹೆಸರಿನ ಮುಂದಿರುವ ‘ಸರ್’ ಬಂದದ್ದು ಆ ಕೆಯ ದೆಸೆಯಿಂದ.

ನಿಯಮ ಹೇಳುತ್ತೇನೆ ಕೇಳು, ಇಂಗ್ಲಿಷಿನಲ್ಲಿ ಇಷ್ಟು ನಂಬಿಕಸ್ಥ ನಿಯಮಗಳು ಹೆಚ್ಚಿಲ್ಲ. ಪದದ ಮೊದಲಲ್ಲಿ ಕೆಯ ಹಿಂದೆಯೇ ಎನ್ ಬಂದರೆ ಕೆಯನ್ನು ಓದಬೇಡ. ಆ ಪದದ ಮುಂದೆ ಇನ್ನೇನನ್ನಾದರೂ ಅಂಟಿಸಿದರೂ ಹಾಗೆಯೇ: ‘ಅನ್‌ನೋನ್’, ‘ಪೆನ್‌ನೈಫ್’. ಆದರೆ ‘ಡಾರ್ಕ್‌ನೆಸ್’, ‘ವೀಕ್‌ನೆಸ್’ ಎಂಬಲ್ಲಿ ಕೆ ಹಿಂದಿನ ಪದಕ್ಕೆ ಸೇರಿದ್ದು, ಅಲ್ಲಿ ಓದಬೇಕು. ಬೇರೆ ನಾಡಿನಿಂದ ಬಂದ ಹೆಸರುಗಳು ಈ ಕಟ್ಟಳೆಗೆ ಒಳಪಡುವುದಿಲ್ಲ. ಇಸ್ರೇಲಿನ ಸಂಸತ್ತು ‘ಕ್ನೆಸೆಟ್’, ಕೆ ಓದಲೇಬೇಕು. ಮುಂದೆ ಕಂಪ್ಯೂಟರ್ ವಿಜ್ಞಾನ ಓದಿದರೆ ಡೊನಾಲ್ಡ್ ಕನೂತ್ ಹೆಸರು ಸಿಗುತ್ತದೆ. ಬರಹ ಕೆ-ಎನ್‌ನಿಂದ ಶುರುವಾದರೂ ಅವರು ತಮ್ಮ ಹೆಸರನ್ನು ಕೆ ಸೇರಿಸಿಯೇ ಹೇಳುತ್ತಾರೆ. ‘ಅಕ್ನಾಲೆಜ್’ ಪದದಲ್ಲಿ ಕೇಳುವ ಕಕಾರ ಮುಂದಿರುವ ಎ-ಸಿಯದು. ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಾಗ ಅಕ್ನಾಲೆಜ್‌ಮೆಂಟ್ ಕೇಳಿ ಪಡೆಯುವುದನ್ನು ಮರೆಯಬೇಡ. ಅದು ವ್ಯಾಕರಣದ ಮಾತಲ್ಲ, ಬದುಕಿನ ಮಾತು.

ಕಲಿಯುವ ಬಗೆ ಹೇಗೆ? ಪಟ್ಟಿ ಮಾಡಿ ಉರು ಹೊಡೆಯುವುದನ್ನು ಬಿಡು. ಉರು ಹೊಡೆದದ್ದು ಪರೀಕ್ಷೆಯ ಮಾರನೆಯ ದಿನ ಉಳಿಯುವುದಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದು ಹಾಳೆಯನ್ನು ಈ ಪದಗಳಿಗೆ ಬಿಡು. ಎಡಗಡೆ ಇಂಗ್ಲಿಷ್ ಕಾಗುಣಿತ, ನಡುವೆ ಕನ್ನಡ ಅಕ್ಷರದಲ್ಲಿ ಉಚ್ಚಾರ, ಬಲಗಡೆ ಆ ಪದವಿರುವ ನಿನ್ನದೇ ಒಂದು ವಾಕ್ಯ. ಇಂಗ್ಲಿಷಿನ ಮೇಲೆ ಕನ್ನಡ ಬರೆಯಬಾರದು ಎಂದು ಗದರುವವರಿದ್ದಾರೆ. ನೀನು ಅಳುಕಬೇಡ. ಸದ್ದನ್ನು ಹಿಡಿದಿಡುವುದಕ್ಕೆ ನಮ್ಮ ಲಿಪಿಯಂಥ ಸಾಧನ ಕೈಯಲ್ಲಿರುವಾಗ ಬಳಸದಿರುವುದು ದಡ್ಡತನ. ಒಂದೇ ಎಚ್ಚರಿಕೆ: ‘ನಾಟ್’, ‘ನಾಬ್’, ‘ನಾಕ್’ ಎಂದು ನಾವು ಬರೆಯುವಲ್ಲಿನ ಸ್ವರ ನಮ್ಮ ಆಕಾರಕ್ಕೂ ಒಕಾರಕ್ಕೂ ನಡುವೆ ಎಲ್ಲೋ ಇದೆ. ಅದನ್ನು ರೇಡಿಯೊದಲ್ಲೋ ಫೋನಿನ ನಿಘಂಟಿನಲ್ಲೋ ಕಿವಿಯಿಂದ ಕೇಳಿ ತಿದ್ದಿಕೋ.

ವಾಕ್ಯ ಬರೆಯುವಾಗ ಪುಸ್ತಕದ್ದನ್ನು ನಕಲು ಮಾಡಬೇಡ. ನಿನ್ನ ಮನೆಯ ಒಲೆ, ನಿನ್ನ ಅಜ್ಜಿಯ ಮಂಡಿನೋವು, ನಿಮ್ಮ ಬೀದಿಯ ಕ್ರಿಕೆಟ್ಟು ಇವೆಯಲ್ಲ. ಅಜ್ಜಿಯ ಮಂಡಿ ನೋಯುತ್ತಿದೆ ಎಂದು ಇಂಗ್ಲಿಷಿನಲ್ಲಿ ಒಮ್ಮೆ ಬರೆದವಳಿಗೆ ಕೆ, ಎನ್, ಇ, ಇ ಮರೆಯುವುದಿಲ್ಲ. ಕ್ರಿಯಾಪದವಾದರೆ ಮೂರೂ ರೂಪ ಒಟ್ಟಿಗೆ ಬರೆ: ನೋ, ನ್ಯೂ, ನೋನ್. ಆಮೇಲೆ ನಿಘಂಟಿನ ಕೆ ವಿಭಾಗ ತೆರೆದು ನೋಡು. ವಿದ್ಯಾರ್ಥಿಗಳ ನಿಘಂಟಿನಲ್ಲಿ ಈ ಬಳಗ ಒಂದೆರಡು ಪುಟದಲ್ಲಿ ಮುಗಿಯುತ್ತದೆ. ಕಡಲಲ್ಲ, ಕೆರೆಯೂ ಅಲ್ಲ, ಒಂದು ಸಂಜೆಯ ಕೆಲಸ.

ಇದು ಕೈವಶವಾದ ಮೇಲೆ ಇದೇ ಜಾತಿಯ ಇನ್ನೆರಡು ಗುಂಪು ಹಿಡಿ. ಜಿ ಬರೆದು ಎನ್ ಓದುವ ‘ನಾ’, ‘ನ್ಯಾಟ್’: ಮೊದಲನೆಯದು ಕಡಿದು ಕಡಿದು ತಿನ್ನುವುದು, ಎರಡನೆಯದು ಗುಂಗುರು ಹುಳ. ಡಬ್ಲ್ಯು ಬರೆದು ಆರ್ ಓದುವ ‘ರೈಟ್’, ‘ರಾಂಗ್’, ‘ರಿಸ್ಟ್’: ಬರೆ, ತಪ್ಪು, ಮಣಿಕಟ್ಟು. ಅಲ್ಲೂ ಒಂದು ಕಾಲಕ್ಕೆ ಓದುತ್ತಿದ್ದ ಅಕ್ಷರವೇ ಈಗ ಸುಮ್ಮನಾಗಿರುವುದು.

ಕೊನೆಯದಾಗಿ ಇಷ್ಟು. ಕನ್ನಡದಲ್ಲಿ ಓದಿದ್ದರಿಂದ ನಿನ್ನ ಇಂಗ್ಲಿಷು ಕುಂಟುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಜ್ಞಾನ, ಜಾನು, ಜನ ಇವನ್ನು ಬಲ್ಲವಳಿಗೆ ಇಂಗ್ಲಿಷಿನ ಬೇರುಗಳು ಅರ್ಧ ಗೊತ್ತಿದ್ದಂತೆ. ಮಿಕ್ಕ ಅರ್ಧಕ್ಕೆ ಬೇಕಾಗಿರುವುದು ಕೈಯಲ್ಲೊಂದು ನಿಘಂಟು, ದಿನಕ್ಕೆ ನಾಲ್ಕು ಪದ, ಗಟ್ಟಿಯಾಗಿ ಓದುವ ಧೈರ್ಯ. ಇವತ್ತೇ ಶುರು ಮಾಡು.